ಮಹಾಪ್ರಬಂಧದಿಂದ ಪುಸ್ತಕಕ್ಕೆ



ಕಥೆ, ಕವಿತೆ, ಕಾದಂಬರಿಗಳ ಬಗ್ಗೆ ಮಾತಾಡಲು ಕನ್ನಡದಲ್ಲಿ ವೇದಿಕೆಗಳಿಗೆ ಬರವಿಲ್ಲ. ಆದರೆ ಒಂದು ವಿಷಯವನ್ನು ಕಲಿತು, ಹುಡುಕಿ, ತಿಳಿದು ಬರೆದ ಪುಸ್ತಕಗಳಿಗೆ ನಾವು ಕೊಟ್ಟಿರುವ ಜಾಗ ಸಣ್ಣದು. ಪ್ರಶಸ್ತಿ ಪಟ್ಟಿಗಳಲ್ಲಿ ಅವು ‘ಸಂಕೀರ್ಣ’ ಎಂಬ ವಿಭಾಗಕ್ಕೆ ಸರಿಯುತ್ತವೆ. ಪುಸ್ತಕದಂಗಡಿಯಲ್ಲಿ ಅವನ್ನು ಕೇಳಿದರೆ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳ ಪಕ್ಕದ ಕಪಾಟನ್ನು ತೋರಿಸುತ್ತಾರೆ. ಇವತ್ತು ನಾನು ಮಾತಾಡಲಿರುವುದು ಇಂಥ ಪುಸ್ತಕಗಳ ಬಗ್ಗೆ, ಅದರಲ್ಲೂ ವಿಶ್ವವಿದ್ಯಾಲಯದಲ್ಲಿ ಕಲಿತು ಹೊರಬಂದವರು ಬರೆದ, ಬರೆಯುತ್ತಿರುವ, ಬರೆಯಬೇಕಾದ ಪುಸ್ತಕಗಳ ಬಗ್ಗೆ. ಹಸ್ತಪ್ರತಿಗಳನ್ನು ತಿದ್ದುವುದು ನನ್ನ ಕಸುಬು. ವರ್ಷಗಟ್ಟಲೆ ಅವುಗಳ ನಡುವೆ ಕುಳಿತ ಮೇಲೆ ನನಗೊಂದು ಮಾತು ಖಚಿತವಾಗಿದೆ. ಪ್ರಶ್ನೆ ಬದುಕಿನಿಂದ ಬಂದು, ಉತ್ತರ ಹುಡುಕುವ ಶಿಸ್ತು ವಿಶ್ವವಿದ್ಯಾಲಯದಿಂದ ಬಂದಾಗ ಕನ್ನಡದಲ್ಲಿ ದೊಡ್ಡ ಪುಸ್ತಕಗಳು ಹುಟ್ಟಿವೆ. ಪ್ರಶ್ನೆಯೂ ಶಿಸ್ತೂ ಒಂದೇ ಕಟ್ಟಡದೊಳಗಿಂದ ಬಂದಾಗ ಹುಟ್ಟಿದ್ದು ಬಹುಪಾಲು ಕಪಾಟು ಸೇರಿದೆ.

ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ್ದು 1916ರಲ್ಲಿ. ಅದರ ಹಿಂದಿನ ವರ್ಷವಷ್ಟೇ ಕನ್ನಡ ಸಾಹಿತ್ಯ ಪರಿಷತ್ತು ಸ್ಥಾಪನೆಯಾಗಿತ್ತು. ಪಾಠವೆಲ್ಲ ಇಂಗ್ಲಿಷಿನಲ್ಲಿ. ಪದವಿ ಪಡೆದವನಿಗೂ ಅವನ ಮನೆಯವರಿಗೂ ನಡುವೆ ಏಳುತ್ತಿದ್ದ ಗೋಡೆ ಮೊದಲು ಕಂಡದ್ದು ಕನ್ನಡ ಪಂಡಿತರಿಗಿಂತ ಹೆಚ್ಚಾಗಿ ವಿಜ್ಞಾನದ ಮೇಷ್ಟರುಗಳಿಗೆ ಎಂಬುದು ಗಮನಿಸಬೇಕಾದ ಸಂಗತಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆ ಸೇರಿ 1918ರಲ್ಲಿ ‘ವಿಜ್ಞಾನ’ ಎಂಬ ಪತ್ರಿಕೆ ತಂದರು. ಅದು ಹೆಚ್ಚು ಕಾಲ ಬಾಳಲಿಲ್ಲ. ಬೆಳ್ಳಾವೆಯವರು ಮಾತ್ರ ಕೈಬಿಡಲಿಲ್ಲ. ಕಲಿಸುವ ವಿಷಯ ಭೌತಶಾಸ್ತ್ರವಾದರೂ ಮುಂದೆ ಅವರು ಬರೆದ ದೊಡ್ಡ ಪುಸ್ತಕ ‘ಜೀವವಿಜ್ಞಾನ’. ತಮ್ಮ ಶಾಸ್ತ್ರದ ಬೇಲಿ ದಾಟಿ ಇನ್ನೊಂದನ್ನು ಕಲಿತು ಬರೆಯುವಷ್ಟು ಕಾಳಜಿ ಅವರಿಗಿತ್ತು. ಅದೇ ಕಾಲೇಜಿನ ಕರ್ಣಾಟಕ ಸಂಘ 1919ರಲ್ಲಿ ‘ಪ್ರಬುದ್ಧ ಕರ್ಣಾಟಕ’ವನ್ನು ಆರಂಭಿಸಿತು. ಅದರ ಹಿಂದಿದ್ದವರು ಎ.ಆರ್. ಕೃಷ್ಣಶಾಸ್ತ್ರಿಗಳು.

ಆಮೇಲೆ ಬಂದದ್ದು ಪ್ರಚಾರೋಪನ್ಯಾಸಗಳು. ಅಧ್ಯಾಪಕರು ತಾಲ್ಲೂಕು ಕೇಂದ್ರಗಳಿಗೆ ಹೋಗಿ, ಕಾಲೇಜಿನ ಮೆಟ್ಟಿಲು ಹತ್ತದವರ ಮುಂದೆ ಮಾತಾಡುವುದು, ಆಮೇಲೆ ಅದನ್ನು ಕಡಿಮೆ ಬೆಲೆಯ ಕಿರುಹೊತ್ತಗೆಯಾಗಿ ಅಚ್ಚು ಹಾಕುವುದು. ಮಲೇರಿಯಾ, ಗ್ರಹಣ, ಬ್ಯಾಂಕಿನ ವ್ಯವಹಾರ, ಪಂಪನ ಕಾವ್ಯ ಎಲ್ಲಕ್ಕೂ ಅಲ್ಲಿ ಜಾಗವಿತ್ತು. ಮೈಸೂರು ವಿಶ್ವವಿದ್ಯಾಲಯದಲ್ಲೇ ಓದಿ ಅದರ ಕುಲಪತಿಯಾದವರಲ್ಲಿ ಮೊದಲಿಗರು ಕುವೆಂಪು. 1956ರಿಂದ 1960ರವರೆಗಿನ ಅವರ ಅವಧಿಯಲ್ಲಿ, ಇಂಥ ಹೊತ್ತಗೆಗಳನ್ನು ಹೊರತರುವ ವಿಭಾಗವಾದ ಪ್ರಸಾರಾಂಗಕ್ಕೆ ಹೊಸ ಬಲ ಬಂತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಚೆನ್ನವೀರ ಕಣವಿಯವರು ಪ್ರಸಾರಾಂಗದ ನಿರ್ದೇಶಕರಾಗಿ ಉಪನ್ಯಾಸ ಗ್ರಂಥಮಾಲೆಯನ್ನು ದಶಕಗಳ ಕಾಲ ನಡೆಸಿದರು. ಒಬ್ಬ ಕವಿ ತನ್ನ ಉದ್ಯೋಗದ ವರ್ಷಗಳನ್ನೆಲ್ಲ ಬೇರೆಯವರ ಕಿರುಹೊತ್ತಗೆಗಳ ಕರಡು ತಿದ್ದುವುದಕ್ಕೆ ಕೊಟ್ಟದ್ದು ಸಣ್ಣ ಕೆಲಸವೆಂದು ನನಗೆ ಅನ್ನಿಸುವುದಿಲ್ಲ. ಹಳೆಯ ಪುಸ್ತಕಗಳ ರಾಶಿಯಲ್ಲಿ ಆ ತೆಳು ಹೊತ್ತಗೆಗಳು ಇವತ್ತೂ ಕೈಗೆ ಸಿಗುತ್ತವೆ. ತೆರೆದು ನೋಡಿ. ಎದುರಿಗೆ ಕುಳಿತವರಿಗೆ ಅರ್ಥವಾಗಬೇಕು ಎಂಬ ತವಕ ಪ್ರತಿ ಪುಟದಲ್ಲೂ ಇದೆ.

ಇಲ್ಲಿ ಶಿವರಾಮ ಕಾರಂತರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಗಾಂಧೀಜಿಯ ಕರೆಗೆ ಓಗೊಟ್ಟು ಕಾಲೇಜು ಬಿಟ್ಟವರು ಅವರು. ಪದವಿಯೇ ಇಲ್ಲದ ಅವರು 1936ರಲ್ಲಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನೂ ಆಮೇಲೆ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನೂ ಬರೆದರು. ಪದವಿಯಿಲ್ಲದವರು ಇಷ್ಟು ಮಾಡಿರುವಾಗ, ಸರ್ಕಾರದ ಹಣದಲ್ಲಿ ಇಪ್ಪತ್ತು ವರ್ಷ ಓದಿದವರ ಮೇಲಿನ ಹೊಣೆ ಎಷ್ಟೆಂದು ಬೇರೆ ಹೇಳಬೇಕಿಲ್ಲ.

ಈಗ ಮೂವರು ಲೇಖಕರ ಬಳಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಮೂವರೂ ವಿಶ್ವವಿದ್ಯಾಲಯದಿಂದ ಬಂದವರು, ಮೂವರ ದಾರಿಯೂ ಬೇರೆ.

ಮೊದಲನೆಯವರು ಬಿ.ಜಿ.ಎಲ್. ಸ್ವಾಮಿ. ಡಿ.ವಿ.ಜಿ.ಯವರ ಮಗ, ಸೆಂಟ್ರಲ್ ಕಾಲೇಜಿನ ವಿದ್ಯಾರ್ಥಿ. ಸಸ್ಯಗಳ ಅಂಗರಚನೆಯ ಬಗ್ಗೆ ಅವರು ಇಂಗ್ಲಿಷಿನಲ್ಲಿ ಬರೆದ ಲೇಖನಗಳನ್ನು ಜಗತ್ತಿನ ಸಸ್ಯಶಾಸ್ತ್ರಜ್ಞರು ಓದುತ್ತಿದ್ದರು. ಹಾರ್ವರ್ಡಿನಲ್ಲಿ ಇರ್ವಿಂಗ್ ಬೈಲಿ ಅವರೊಡನೆ ಕೆಲಸ ಮಾಡಿ ಬಂದು, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ, ಪ್ರಾಂಶುಪಾಲರಾಗಿ ದುಡಿದರು. ಮನಸ್ಸು ಮಾಡಿದ್ದರೆ ಆ ಲೋಕದಲ್ಲೇ ಸುಖವಾಗಿ ಇದ್ದುಬಿಡಬಹುದಿತ್ತು. ಅವರು ‘ಹಸುರು ಹೊನ್ನು’ ಬರೆದರು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸಸ್ಯಶಾಸ್ತ್ರದ ಪುಸ್ತಕವೊಂದನ್ನು ಕನ್ನಡ ಸಾಹಿತ್ಯವೆಂದು ನಾಡು ಒಪ್ಪಿಕೊಂಡ ಗಳಿಗೆ ಅದು.

ಆ ಪುಸ್ತಕವನ್ನು ಕಟ್ಟಿರುವ ಬಗೆಯನ್ನು ಸಂಶೋಧನಾ ವಿದ್ಯಾರ್ಥಿಗಳು ಹತ್ತಿರದಿಂದ ನೋಡಬೇಕು. ಮೇಷ್ಟರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಪಶ್ಚಿಮ ಘಟ್ಟಕ್ಕೆ ಗಿಡ ಹುಡುಕಲು ಹೋಗುತ್ತಾರೆ. ಕಾಡಿನಲ್ಲಿ ಹಸಿವು, ಜಿಗಣೆ, ಹುಡುಗರ ತರಲೆ, ದಾರಿ ತಪ್ಪುವುದು ಎಲ್ಲ ಇದೆ. ಒಂದು ಗಿಡ ಎದುರಾದಾಗ ಮಾತು ಅದರ ಮೇಲೆ ನಿಲ್ಲುತ್ತದೆ: ಎಲೆ ಹೇಗೆ ಜೋಡಿಸಿಕೊಂಡಿದೆ, ಹೂವಿನೊಳಗೆ ಏನಿದೆ, ಯಾವ ಊರಿನವರು ಇದನ್ನು ಯಾವುದಕ್ಕೆ ಬಳಸುತ್ತಾರೆ, ಹಳೆಯ ಕಾವ್ಯದಲ್ಲಿ ಇದು ಎಲ್ಲಿ ಬರುತ್ತದೆ. ಪಕ್ಕದಲ್ಲಿ ಲೇಖಕರೇ ಬರೆದ ರೇಖಾಚಿತ್ರ. ಮತ್ತೆ ನಡಿಗೆ. ಪಠ್ಯಪುಸ್ತಕದಲ್ಲಿ ಕುಟುಂಬವಾರು ವಿಂಗಡಿಸಿ ಇಡಬೇಕಾದ ಸಂಗತಿಗಳನ್ನು ಸ್ವಾಮಿಯವರು ನಡಿಗೆಯ ಜಾಡಿನಲ್ಲಿ ಇಟ್ಟರು. ಶಾಸ್ತ್ರ ಒಂದಿಷ್ಟೂ ಸಡಿಲವಾಗಲಿಲ್ಲ. ಓದುಗ ಮಾತ್ರ ಅವರ ಜೊತೆ ಕಾಡಿನಲ್ಲಿದ್ದ.

ಅವರ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೇರಿಕಾ’ ಇನ್ನೂ ಒಂದು ಹೆಜ್ಜೆ ಹತ್ತಿರ ಬರುತ್ತದೆ, ನೇರ ಅಡುಗೆಮನೆಗೇ ಬರುತ್ತದೆ. ಒಗ್ಗರಣೆಗೆ ಹಾಕುವ ಮೆಣಸಿನಕಾಯಿ, ಪಲ್ಯದ ಆಲೂಗೆಡ್ಡೆ, ಸಾರಿನ ಟೊಮ್ಯಾಟೊ, ಹಿತ್ತಲಿನ ಸೀಬೆ, ಪಾಯಸದ ಗೋಡಂಬಿ ಇವೆಲ್ಲ ಸಾಗರ ದಾಟಿ ಬಂದವು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗು ಬರುವ ಮೊದಲು ನಮ್ಮ ಯಾವ ಅಡುಗೆಮನೆಯಲ್ಲೂ ಮೆಣಸಿನಕಾಯಿ ಇರಲಿಲ್ಲ, ಖಾರಕ್ಕೆ ಕರಿಮೆಣಸೇ ಗತಿ. ತಲೆತಲಾಂತರದಿಂದ ನಮ್ಮದೆಂದು ನಂಬಿದ್ದ ಊಟದ ತಟ್ಟೆಯನ್ನು ಹೀಗೆ ಬೇರೆ ಬೆಳಕಿನಲ್ಲಿ ಇಟ್ಟು ತೋರಿಸಲು ಸಸ್ಯಶಾಸ್ತ್ರ, ಭಾಷೆ, ವ್ಯಾಪಾರದ ಇತಿಹಾಸ ಮೂರೂ ಗೊತ್ತಿರಬೇಕು. ಮೂರನ್ನೂ ಗೊತ್ತು ಮಾಡಿಕೊಳ್ಳುವ ತರಬೇತಿ ಅವರಿಗೆ ವಿಶ್ವವಿದ್ಯಾಲಯದಿಂದ ಸಿಕ್ಕಿತ್ತು. ಪ್ರಶ್ನೆ ಮಾತ್ರ ಊಟದ ತಟ್ಟೆಯದು.

ಎರಡನೆಯವರು ಎಂ. ಚಿದಾನಂದಮೂರ್ತಿ. ಇಲ್ಲಿ ನಮ್ಮ ಮುಂದಿರುವುದು ಸಾಕ್ಷಾತ್ ಪಿಎಚ್.ಡಿ. ಮಹಾಪ್ರಬಂಧ. 1966ರಲ್ಲಿ ಅಚ್ಚಾದ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ವನ್ನು ಅರ್ಧ ಶತಮಾನ ಕಳೆದ ಮೇಲೂ ಜನ ಕೊಂಡು ಓದುತ್ತಾರೆ. ಕನ್ನಡದಲ್ಲಿ ಈ ಭಾಗ್ಯ ಪಡೆದ ಮಹಾಪ್ರಬಂಧಗಳು ಬೆರಳೆಣಿಕೆಯಷ್ಟು. ಯಾಕೆ ಎಂದು ಯೋಚಿಸಬೇಕು.

ಬಿ.ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳಲ್ಲಿ ಸಾವಿರಾರು ಶಾಸನಗಳನ್ನು ಬಹಳ ಹಿಂದೆಯೇ ಅಚ್ಚು ಮಾಡಿಸಿದ್ದರು. ಇತಿಹಾಸಕಾರರು ಅವನ್ನು ರಾಜರ ಹೆಸರಿಗಾಗಿ, ಯುದ್ಧದ ವರ್ಷಕ್ಕಾಗಿ ಓದಿದರು. ಭಾಷಾಶಾಸ್ತ್ರಜ್ಞರು ವ್ಯಾಕರಣ ರೂಪಗಳಿಗಾಗಿ ಓದಿದರು. ಚಿದಾನಂದಮೂರ್ತಿಯವರು ಅದೇ ಕಲ್ಲುಗಳನ್ನು ಬೇರೆ ಪ್ರಶ್ನೆ ಕೇಳಿದರು: ಕ್ರಿ.ಶ. 450ರಿಂದ 1150ರವರೆಗೆ ಈ ನಾಡಿನ ಜನ ಹೇಗೆ ಬದುಕಿದರು, ಏನನ್ನು ನಂಬಿದರು, ಯಾರಿಗಾಗಿ ಸತ್ತರು? ವೀರಗಲ್ಲು, ಮಾಸ್ತಿಕಲ್ಲು, ನಿಸಿದಿಗಲ್ಲುಗಳು ಆ ಪ್ರಶ್ನೆಗೆ ಬಾಯಿಬಿಟ್ಟವು.

ಒಂದೇ ಒಂದು ಕಲ್ಲನ್ನು ತೆಗೆದುಕೊಂಡು ಇದನ್ನು ನೋಡೋಣ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿದ್ದ ಶಾಸನ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಲ ಸುಮಾರು ಕ್ರಿ.ಶ. 949–50. ರಾಜಕೀಯ ಇತಿಹಾಸದವರಿಗೆ ಇದು ತಕ್ಕೋಲದ ಕಾಳಗದ ದಾಖಲೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಕಾದಿದ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದದ್ದು ಇದರಲ್ಲಿದೆ. ಆದರೆ ಕಲ್ಲಿನ ಮೇಲೆ ಕೆತ್ತಿರುವ ಚಿತ್ರ ರಾಜನದ್ದಲ್ಲ. ಅಲ್ಲಿರುವುದು ಒಂದು ನಾಯಿ ಮತ್ತು ಒಂದು ಹಂದಿ. ಬೂತುಗನ ಸಾಮಂತ ಮಣಲೆರ ಯುದ್ಧದಲ್ಲಿ ಮೆರೆದ. ಬೇಕಾದದ್ದು ಕೇಳು ಎಂದಾಗ ಅವನು ಕೇಳಿದ್ದು ಒಡೆಯನ ಬೇಟೆನಾಯಿ ಕಾಳಿಯನ್ನು. ಆ ನಾಯಿ ಬೆಳತೂರಿನ ಬೆಟ್ಟದಲ್ಲಿ ದೊಡ್ಡ ಹಂದಿಯೊಂದಿಗೆ ಹೋರಾಡಿ, ಎರಡೂ ಸತ್ತವು. ಮಣಲೆರ ಅದಕ್ಕೆ ಕಲ್ಲು ನಿಲ್ಲಿಸಿದ, ಭೂಮಿ ಬಿಟ್ಟ. ಆ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡುವ ಗೊರವನಿಗೆ, ಎಂದರೆ ಶೈವ ಪೂಜಾರಿಗೆ, ಪಾಪ ತಟ್ಟುತ್ತದೆಂದು ಬರೆಸಿದ. ಯುದ್ಧ ಗೆದ್ದವನು ಊರನ್ನೋ ಹೊನ್ನನ್ನೋ ಕೇಳದೆ ನಾಯಿಯನ್ನು ಕೇಳಿದ್ದು, ಅದು ಸತ್ತಾಗ ಮನುಷ್ಯವೀರನಿಗೆ ಮಾಡಿದಂತೆಯೇ ಕಲ್ಲು ನೆಟ್ಟು ಪೂಜೆಗೆ ಏರ್ಪಾಟು ಮಾಡಿದ್ದು, ಇವು ರಾಜವಂಶಾವಳಿಯ ಪ್ರಶ್ನೆಗೆ ಸಿಗುವ ಉತ್ತರಗಳಲ್ಲ. ಸಾಂಸ್ಕೃತಿಕ ಅಧ್ಯಯನ ಎಂಬ ದಾರಿ ತೆರೆದದ್ದು ಇಂಥ ಕಡೆ. ಅಡಿಟಿಪ್ಪಣಿಗಳಿಂದ ತುಂಬಿದ ಆ ಪುಸ್ತಕವನ್ನು ಪರೀಕ್ಷೆಗೆ ಓದದವರೂ ಓದುತ್ತಿರುವುದಕ್ಕೆ ಕಾರಣ ಅದರ ಪ್ರಶ್ನೆ ಎಲ್ಲರದೂ ಆಗಿರುವುದು.

ಮೂರನೆಯವರು ಸಿದ್ಧಲಿಂಗಯ್ಯ. ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಹುಟ್ಟಿ, ಬೆಂಗಳೂರಿನ ಹಾಸ್ಟೆಲಿನಲ್ಲಿ ಓದಿ, ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದವರು. ಮನೆಯಲ್ಲಿ ಮೊದಲ ಸಲ ಅಕ್ಷರ ಕಲಿತ ತಲೆಮಾರು ವಿಶ್ವವಿದ್ಯಾಲಯಕ್ಕೆ ಬಂದಾಗ ಏನಾಗುತ್ತದೆ ಎಂಬುದಕ್ಕೆ ಅವರ ‘ಊರುಕೇರಿ’ ಆತ್ಮಕಥೆಯನ್ನು ಓದಬೇಕು. ಅದರಷ್ಟೇ ಮುಖ್ಯವಾದ, ಅದರಷ್ಟು ಚರ್ಚೆಯಾಗದ ಇನ್ನೊಂದು ಪುಸ್ತಕ ಅವರ ಮಹಾಪ್ರಬಂಧ ‘ಗ್ರಾಮದೇವತೆಗಳು’. ಕ್ರಾಂತಿಗೀತೆಗಳನ್ನು ಬರೆದ ಕವಿ ಸಂಶೋಧನೆಗೆ ಆರಿಸಿಕೊಂಡದ್ದು ಮಾರಮ್ಮ, ಮಂಚಮ್ಮಂದಿರನ್ನು. ಆ ದೇವತೆಗಳು ಅವರಿಗೆ ಓದಿ ತಿಳಿದ ವಸ್ತುಗಳಾಗಿರಲಿಲ್ಲ. ಕೇರಿಯ ಜನ ಆ ದೇವತೆಗಳ ಜೊತೆ ಜಗಳವಾಡುತ್ತಿದ್ದರು, ಬೈಯುತ್ತಿದ್ದರು, ಹರಕೆ ಹೊರುತ್ತಿದ್ದರು.

ಸಿದ್ಧಲಿಂಗಯ್ಯನವರು ಹೇಳುತ್ತಿದ್ದ ಮನೆಮಂಚಮ್ಮನ ಕತೆಯನ್ನು ದೇವನೂರ ಮಹಾದೇವ ಅವರೂ ಬರೆದು ನಾಡಿಗೆಲ್ಲ ಹಬ್ಬಿಸಿದ್ದಾರೆ. ಹಳ್ಳಿಯವರು ಸೇರಿ ದೇವಿಗೆ ಗುಡಿ ಕಟ್ಟಲು ಹೊರಟರು. ಗೋಡೆ ಎದ್ದು ಚಾವಣಿ ಹಾಕುವ ಹೊತ್ತಿಗೆ ಒಬ್ಬನ ಮೈಮೇಲೆ ದೇವಿ ಬಂದಳು. ಏನು ಮಾಡುತ್ತಿದ್ದೀರಿ ಎಂದು ಕೇಳಿದಳು. ನಿನಗೆ ಮನೆ ಕಟ್ಟುತ್ತಿದ್ದೇವೆ ಎಂದರು. ನಿಮಗೆಲ್ಲರಿಗೂ ಮನೆ ಇದೆಯೇ ಎಂದಳು. ನನಗಿಲ್ಲ ತಾಯಿ ಎಂದು ಒಬ್ಬ ಹೇಳಿದ. ಹಾಗಾದರೆ ನಿಮಗೆಲ್ಲ ಮನೆ ಆಗುವವರೆಗೆ ನನಗೂ ಬೇಡ ಎಂದಳು. ಗುಡಿ ಚಾವಣಿಯಿಲ್ಲದೆ ನಿಂತಿತು. ಕೇರಿಯಲ್ಲಿ ಬೆಳೆದವನ ಕಿವಿಗೆ ಇದು ಬೀಳುತ್ತದೆ. ಬಿದ್ದದ್ದನ್ನು ಬರೆದಿಟ್ಟುಕೊಂಡು, ಇನ್ನೊಂದು ಊರಿನ ಇನ್ನೊಂದು ದೇವತೆಯ ಕತೆಯೊಡನೆ ಹೋಲಿಸಿ, ಈ ದೇವತೆಗಳಿಗೂ ಪುರಾಣದ ದೇವತೆಗಳಿಗೂ ಇರುವ ಅಂತರವನ್ನು ಎತ್ತಿ ತೋರಿಸುವುದಕ್ಕೆ ಸಂಶೋಧನೆಯ ತರಬೇತಿ ಬೇಕು. ಸಿದ್ಧಲಿಂಗಯ್ಯನವರಲ್ಲಿ ಎರಡೂ ಇದ್ದವು.

ಈ ಸಾಲಿನಲ್ಲಿ ಹೆಸರುಗಳು ಇನ್ನೂ ಇವೆ. ಅರವಿಂದ ಮಾಲಗತ್ತಿಯವರ ‘ಗೌರ್ನಮೆಂಟ್ ಬ್ರಾಹ್ಮಣ’ 1994ರಲ್ಲಿ ಬಂದಾಗ ಪ್ರಾಧ್ಯಾಪಕನೊಬ್ಬ ಇಷ್ಟು ನೇರವಾಗಿ ತನ್ನ ಅವಮಾನಗಳನ್ನು ಬರೆಯಬಹುದೇ ಎಂದು ಜನ ಬೆರಗಾದರು. ರಹಮತ್ ತರೀಕೆರೆಯವರು ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿದ್ದುಕೊಂಡು ದರ್ಗಾ, ಮಠ, ಉರುಸು, ಜಾತ್ರೆಗಳಿಗೆ ಅಲೆದು ‘ಕರ್ನಾಟಕದ ಸೂಫಿಗಳು’, ‘ಕರ್ನಾಟಕದ ನಾಥಪಂಥ’ ಬರೆದರು. ಪುರುಷೋತ್ತಮ ಬಿಳಿಮಲೆಯವರ ‘ಕಾಗೆ ಮುಟ್ಟಿದ ನೀರು’ ಸುಳ್ಯದ ಕಡೆಯ ಹುಡುಗನೊಬ್ಬ ಜಾನಪದ ವಿದ್ವಾಂಸನಾಗಿ ದೆಹಲಿಯವರೆಗೆ ಹೋದ ದಾರಿಯನ್ನು ಹೇಳುತ್ತದೆ.

ಸ್ವಾಮಿಯವರನ್ನು ಬಿಟ್ಟರೆ ಇದುವರೆಗಿನದು ಹೆಚ್ಚಾಗಿ ಕನ್ನಡ ಎಂ.ಎ. ಮಾಡಿದವರ ಮಾತಾಯಿತು. ಬೇರೆ ಪದವಿಗಳವರು ಏನು ಮಾಡಿದರು? ವೈದ್ಯರ ಕೊಡುಗೆ ದೊಡ್ಡದು. ‘ಕೊರವಂಜಿ’ ಪತ್ರಿಕೆಯ ರಾಶಿ ಎಂದೇ ಹೆಸರಾದ ಡಾ. ಎಂ. ಶಿವರಾಂ ಅವರ ‘ಮನಮಂಥನ’ ಮನೋರೋಗಗಳ ಬಗೆಗಿನ ಪುಸ್ತಕ, ಅದಕ್ಕೆ 1976ರ ಕೇಂದ್ರ ಅಕಾಡೆಮಿ ಪ್ರಶಸ್ತಿ. ಅನುಪಮಾ ನಿರಂಜನ ಅವರ ‘ತಾಯಿ–ಮಗು’, ‘ದಾಂಪತ್ಯ ದೀಪಿಕೆ’ಗಳು ಎಷ್ಟು ಮನೆಗಳ ಬೀರುವಿನಲ್ಲಿ ಸೀರೆಗಳ ಕೆಳಗೆ ಇದ್ದವೆಂದು ನನ್ನ ವಯಸ್ಸಿನ ಹೆಂಗಸರಿಗೆ ಗೊತ್ತು. ತಾಯಿಯನ್ನು ಕೇಳಲಾಗದ, ಡಾಕ್ಟರ ಮುಂದೆ ಬಾಯಿ ಬಿಡಲಾಗದ ಪ್ರಶ್ನೆಗಳಿಗೆ ವೈದ್ಯೆಯೊಬ್ಬರು ಅಕ್ಕನಂತೆ ಉತ್ತರ ಬರೆದಿದ್ದರು. ಭೂವಿಜ್ಞಾನ, ಪರಿಸರ ವಿಜ್ಞಾನ ಓದಿ ಪತ್ರಿಕೋದ್ಯಮಕ್ಕೆ ಬಂದ ನಾಗೇಶ ಹೆಗಡೆಯವರ ‘ಇರುವುದೊಂದೇ ಭೂಮಿ’ ಒಂದು ತಲೆಮಾರಿಗೆ ಪರಿಸರದ ಪಾಠ ಹೇಳಿತು. ಜಿ.ಟಿ. ನಾರಾಯಣರಾವ್, ಜೆ.ಆರ್. ಲಕ್ಷ್ಮಣರಾವ್ ಅವರಂಥ ಗಣಿತ, ರಸಾಯನಶಾಸ್ತ್ರದ ಮೇಷ್ಟರುಗಳು ಖಗೋಳವನ್ನೂ ವಿಜ್ಞಾನಿಗಳ ಬದುಕನ್ನೂ ಮನೆಮಾತಾಗಿಸಿದರು. ಇಂಜಿನಿಯರಿಂಗ್ ಓದಿದ ವಸುಧೇಂದ್ರ ಅವರು ‘ನಮ್ಮಮ್ಮ ಅಂದ್ರೆ ನನಗಿಷ್ಟ’ದಂಥ ಪ್ರಬಂಧಗಳನ್ನು ಬರೆದದ್ದಷ್ಟೇ ಅಲ್ಲ, ಸ್ವತಃ ಪ್ರಕಾಶನ ಆರಂಭಿಸಿ ಹೊಸಬರ ಪುಸ್ತಕಗಳನ್ನೂ ತಂದರು.

ಇಷ್ಟು ಒಳ್ಳೆಯ ಪರಂಪರೆ ಇದ್ದೂ ಇವತ್ತಿನ ಸ್ಥಿತಿ ನನ್ನನ್ನು ಕಾಡುತ್ತದೆ. ಪಿಎಚ್.ಡಿ. ಪಡೆಯುವವರು ಹಿಂದೆಂದಿಗಿಂತ ಹೆಚ್ಚಿದ್ದಾರೆ. ಮಹಾಪ್ರಬಂಧಗಳನ್ನು ಶೋಧಗಂಗಾ ಎಂಬ ಜಾಲತಾಣಕ್ಕೆ ಏರಿಸಬೇಕೆಂಬ ನಿಯಮ ಬಂದ ಮೇಲೆ ಅವು ಯಾರಿಗೆ ಬೇಕಾದರೂ ಸಿಗುತ್ತವೆ. ಅದು ಒಳ್ಳೆಯದೇ. ಆದರೆ ಸಿಗುವುದೂ ಓದಿಸಿಕೊಳ್ಳುವುದೂ ಬೇರೆ ಬೇರೆ. 2010ರಲ್ಲಿ ಯುಜಿಸಿ ಅಧ್ಯಾಪಕರ ನೇಮಕಾತಿಗೆ, ಬಡ್ತಿಗೆ ಅಂಕಗಳ ಪದ್ಧತಿ ತಂದಾಗ ಪುಸ್ತಕಕ್ಕೂ ಅಂಕ ನಿಗದಿಯಾಯಿತು. ಐಎಸ್‌ಬಿಎನ್ ಸಂಖ್ಯೆ ಇದ್ದರೆ ಸರಿ. ಅಲ್ಲಿಂದ ಮುಂದೆ ಲೇಖಕನೇ ದುಡ್ಡು ಕೊಟ್ಟು, ಮಹಾಪ್ರಬಂಧದ ರಟ್ಟು ಬದಲಿಸಿ, ನೂರೋ ಇನ್ನೂರೋ ಪ್ರತಿ ಅಚ್ಚು ಹಾಕಿಸುವ ವ್ಯವಹಾರ ಬೆಳೆಯಿತು. ಯಾರೂ ತಿದ್ದುವುದಿಲ್ಲ, ಯಾರೂ ಕರಡು ನೋಡುವುದಿಲ್ಲ. ಆ ಯುವಕ ಯುವತಿಯರನ್ನು ನಾನು ದೂರುವುದಿಲ್ಲ. ಕೆಲಸದ ಅರ್ಜಿಯಲ್ಲಿ ಆ ಕಾಲಂ ತುಂಬದಿದ್ದರೆ ಅವರಿಗೆ ಅನ್ನವಿಲ್ಲ. ನನಗೆ ನೋವಾಗುವುದು, ಆ ರಟ್ಟಿನೊಳಗೆ ನಿಜವಾದ ಪುಸ್ತಕವೊಂದು ಉಸಿರುಗಟ್ಟಿಕೊಂಡು ಕುಳಿತಿರುವುದನ್ನು ಕಂಡಾಗ.

ಒಂದು ಉದಾಹರಣೆ ಕೊಡುತ್ತೇನೆ. ಕೆಲವು ವರ್ಷಗಳ ಹಿಂದೆ ಕರಾವಳಿಯ ಹೆಣ್ಣುಮಗಳೊಬ್ಬಳು ತನ್ನ ಮಹಾಪ್ರಬಂಧ ತಂದಳು. ವಿಷಯ ಬೀಡಿ ಕಟ್ಟುವ ಹೆಂಗಸರ ಆರ್ಥಿಕ ಸ್ಥಿತಿ. ಮೊದಲ ಅಧ್ಯಾಯ ಅಧ್ಯಯನದ ಉದ್ದೇಶ, ವ್ಯಾಪ್ತಿ, ಮಿತಿ. ಎರಡನೆಯದು ಈವರೆಗಿನ ಅಧ್ಯಯನಗಳ ಸಮೀಕ್ಷೆ. ಮೂರನೆಯದು ವಿಧಾನ. ನಾಲ್ಕನೆಯದರಿಂದ ಕೋಷ್ಟಕಗಳು. ಪ್ರತಿ ವಾಕ್ಯವೂ ‘ವಿಶ್ಲೇಷಿಸಲಾಗಿದೆ’, ‘ಕಂಡುಕೊಳ್ಳಲಾಗಿದೆ’ ಎಂದು ಮುಗಿಯುತ್ತಿತ್ತು. ಯಾರು ವಿಶ್ಲೇಷಿಸಿದರು, ಯಾರು ಕಂಡುಕೊಂಡರು ಎಂಬುದು ಎಲ್ಲೂ ಇಲ್ಲ. ನೂರೈವತ್ತು ಪುಟ ದಾಟಿದರೂ ಬೀಡಿ ಹೇಗೆ ಕಟ್ಟುತ್ತಾರೆ ಎಂಬುದು ಇರಲಿಲ್ಲ.

ಈ ವಿಷಯ ನಿನಗೆ ಹೇಗೆ ಹೊಳೆಯಿತಮ್ಮಾ ಎಂದು ಕೇಳಿದೆ. ನನ್ನ ಅಮ್ಮ ಬೀಡಿ ಕಟ್ಟಿಯೇ ನನ್ನನ್ನು ಓದಿಸಿದ್ದು ಸರ್ ಎಂದಳು. ಆಮೇಲೆ ಮಾತು ನಿಲ್ಲಲಿಲ್ಲ. ರಾತ್ರಿ ಎಲೆ ನೆನೆಹಾಕುವುದು, ಬೆಳಿಗ್ಗೆ ತಗಡಿನ ಅಳತೆಯಿಟ್ಟು ಕತ್ತರಿಯಲ್ಲಿ ಕತ್ತರಿಸುವುದು, ಮಡಿಲ ಮೇಲೆ ಮೊರ ಇಟ್ಟುಕೊಂಡು ಹೊಗೆಸೊಪ್ಪಿನ ಪುಡಿ ತುಂಬಿ ಸುರುಳಿ ಸುತ್ತುವುದು, ತುದಿಯನ್ನು ಉಗುರಿನಲ್ಲಿ ಮಡಚಿ ನೂಲು ಬಿಗಿಯುವುದು. ಸಾವಿರ ಬೀಡಿಗೆ ಇಷ್ಟು ಎಂದು ಕೂಲಿ. ಬೀಡಿ ಕಂಪನಿಯ ಬ್ರಾಂಚಿಗೆ ಒಯ್ದಾಗ ಸರಿಯಿಲ್ಲವೆಂದು ಒಂದಿಷ್ಟನ್ನು ತೆಗೆದು ಪಕ್ಕಕ್ಕೆ ಹಾಕುತ್ತಾರೆ. ತೆಗೆದದ್ದಕ್ಕೆ ಕೂಲಿಯಿಲ್ಲ, ಬೀಡಿಯೂ ವಾಪಸಿಲ್ಲ. ಕೊಟ್ಟ ಎಲೆಯಲ್ಲಿ ಹಾಳಾದದ್ದು ಹೆಚ್ಚಿದ್ದರೆ ಲೆಕ್ಕ ತುಂಬಿಸಲು ಸ್ವಂತ ದುಡ್ಡಿನಲ್ಲಿ ಎಲೆ ಕೊಳ್ಳಬೇಕು. ಹೆಣ್ಣು ನೋಡಲು ಬಂದವರು ಹುಡುಗಿ ದಿನಕ್ಕೆ ಎಷ್ಟು ಕಟ್ಟುತ್ತಾಳೆಂದು ಕೇಳುತ್ತಿದ್ದರಂತೆ. ಮಳೆಗಾಲದಲ್ಲಿ ಬೀಡಿ ಮೆತ್ತಗಾಗದಿರಲೆಂದು ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರು, ಆ ವಾಸನೆಯಲ್ಲೇ ತಾನು ಓದಿದ್ದು ಎಂದಳು.

ಇದರಲ್ಲಿ ಒಂದು ಮಾತೂ ಮಹಾಪ್ರಬಂಧದಲ್ಲಿ ಇರಲಿಲ್ಲ. ಬೀಡಿ ತೆಗೆದುಹಾಕುವುದರಿಂದ ಆಗುವ ನಷ್ಟ ಒಂದು ಕೋಷ್ಟಕದಲ್ಲಿ ಶೇಕಡಾವಾರು ಅಂಕಿಯಾಗಿತ್ತು. ಸ್ವಂತ ಅನುಭವ ಬರೆದರೆ ವಸ್ತುನಿಷ್ಠವಾಗುವುದಿಲ್ಲ ಎಂದು ಆಕೆಗೆ ಹೇಳಿಕೊಟ್ಟಿದ್ದರು. ನಾವು ಮಾಡಿದ್ದು ಇಷ್ಟು: ಎರಡನೆಯ ಅಧ್ಯಾಯವನ್ನು ಪೂರ್ತಿ ತೆಗೆದೆವು, ಅದರಲ್ಲಿ ಮುಖ್ಯವಾದ ಎರಡು ಮಾತನ್ನು ಬೇಕಾದ ಕಡೆ ಸೇರಿಸಿದೆವು. ಅಮ್ಮನ ಮೊರದಿಂದ ಪುಸ್ತಕ ಆರಂಭವಾಯಿತು. ಕೋಷ್ಟಕಗಳು ಹಿಂದಕ್ಕೆ ಹೋದವು, ಒಂದನ್ನೂ ಬಿಡಲಿಲ್ಲ. ಸಂದರ್ಶನ ಮಾಡಿದ ಹೆಂಗಸರು ಆಡಿದ ಮಾತುಗಳು ಅವರ ತುಳುಮಿಶ್ರಿತ ಕನ್ನಡದಲ್ಲೇ ಬಂದವು. ‘ಕಂಡುಕೊಳ್ಳಲಾಗಿದೆ’ ಹೋಗಿ ‘ನಾನು ಕಂಡೆ’ ಬಂತು. ವಾದ ಮೊದಲಿಗಿಂತ ಗಟ್ಟಿಯಾಯಿತು. ಯಾಕೆಂದರೆ ಆ ಶೇಕಡಾ ಅಂಕಿ ಎಲ್ಲಿಂದ ಹು­ಟ್ಟುತ್ತದೆಂದು ಓದುಗನಿಗೆ ಈಗ ಕಣ್ಣಿಗೆ ಕಾಣುತ್ತಿತ್ತು.

ಆ ಪುಸ್ತಕ ಇನ್ನೂ ಮುಗಿದಿಲ್ಲ. ಆಕೆ ಅತಿಥಿ ಉಪನ್ಯಾಸಕಿ. ರಜೆಯ ತಿಂಗಳುಗಳಲ್ಲಿ ಸಂಬಳವಿಲ್ಲ, ಆಗ ಬೇರೆ ಕೆಲಸ ಹುಡುಕಬೇಕು. ಕಾಲೇಜು ತೆರೆದಾಗ ಬರೆಯಲು ಸಮಯವಿಲ್ಲ. ಕನ್ನಡದಲ್ಲಿ ಹೊಸ ಜ್ಞಾನದ ಪುಸ್ತಕಗಳು ಯಾಕೆ ಕಡಿಮೆ ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಪ್ರತಿಭೆಯ ಕೊರತೆ ನನಗೆ ಎಲ್ಲೂ ಕಂಡಿಲ್ಲ. ಪದವಿಗೂ ಪುಸ್ತಕಕ್ಕೂ ನಡುವಿನ ಒಂದು ವರ್ಷವನ್ನು ಕೊಡುವವರು ಯಾರೂ ಇಲ್ಲ.

ವಿಜ್ಞಾನ, ಕೃಷಿ, ವೈದ್ಯಕೀಯ ಓದಿದವರ ಕಷ್ಟ ಬೇರೆ ಬಗೆಯದು. ಅವರ ಮಹಾಪ್ರಬಂಧ ಇಂಗ್ಲಿಷಿನಲ್ಲಿದೆ. ಕನ್ನಡದಲ್ಲಿ ಬರೆಯಿರಿ ಎಂದರೆ ಪಾರಿಭಾಷಿಕ ಪದಗಳಿಲ್ಲ ಎನ್ನುತ್ತಾರೆ. ನನ್ನ ಅನುಭವದಲ್ಲಿ ಇದು ಹೆದರಿಕೆಯೇ ಹೊರತು ಅಡ್ಡಿಯಲ್ಲ. ಕೊಳವೆಬಾವಿ ಕೊರೆಯುವವರಿಗೆ, ಅಡಿಕೆಗೆ ಬೋರ್ಡೋ ಹೊಡೆಯುವವರಿಗೆ, ಆಶಾ ಕಾರ್ಯಕರ್ತೆಯರಿಗೆ ಬೇಕಾದ ಮಾತುಗಳೆಲ್ಲ ಈಗಾಗಲೇ ಇವೆ. ಪುತ್ತೂರಿನಿಂದ 1988ರಲ್ಲಿ ಆರಂಭವಾದ ‘ಅಡಿಕೆ ಪತ್ರಿಕೆ’ ರೈತರ ಕೈಯಲ್ಲೇ ಬರೆಸಿ ಇದನ್ನು ತೋರಿಸಿಕೊಟ್ಟಿದೆ. ಅಮೆರಿಕದ, ಜರ್ಮನಿಯ ಪ್ರಯೋಗಾಲಯಗಳಲ್ಲಿ ದುಡಿಯುತ್ತಿರುವ ಕನ್ನಡಿಗರು ಊರಿಗೆ ಫೋನು ಮಾಡಿದಾಗ ತಮ್ಮ ಕೆಲಸವನ್ನು ಅಪ್ಪನಿಗೆ ಯಾವ ಮಾತಿನಲ್ಲಿ ವಿವರಿಸುತ್ತಾರೋ ಆ ಮಾತಿನಲ್ಲೇ ಬರೆಯಲಿ. ಸಾಲದೆ ಬಂದ ಕಡೆ ಇಂಗ್ಲಿಷ್ ಪದವನ್ನೇ ಇಡಲಿ, ಓದುಗ ಬೇಸರಿಸುವುದಿಲ್ಲ.

ಪ್ರಕಾಶಕರಿಗೂ ಎರಡು ಮಾತು. ಪುಸ್ತಕದ ಕೊನೆಯಲ್ಲಿ ಪದಸೂಚಿ ಹಾಕಿ. ಕನ್ನಡದ ಎಷ್ಟೋ ಒಳ್ಳೆಯ ವಿಚಾರಗ್ರಂಥಗಳಲ್ಲಿ ಅದಿಲ್ಲ. ಒಂದು ಊರಿನ ಹೆಸರು, ಒಂದು ಬೆಳೆಯ ಹೆಸರು ಹುಡುಕಲು ನಾನೂರು ಪುಟ ತಿರುವಬೇಕು. ಇನ್ನೊಂದು, ತಿದ್ದುವವರಿಗೆ ಸಂಭಾವನೆ ಕೊಡಿ, ಅವರ ಹೆಸರನ್ನೂ ಅಚ್ಚು ಮಾಡಿ. 1993ರಲ್ಲಿ ಸ್ಥಾಪನೆಯಾದ ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗಳಿಗೆ ಸಹಾಯಧನ ಕೊಡುವ ಯೋಜನೆ ಇಟ್ಟುಕೊಂಡಿದೆ. ಅದರಲ್ಲಿ ಕಥೆ, ಕವನಗಳ ಜೊತೆ ಇಂಥ ಪುಸ್ತಕಗಳ ಲೇಖಕರೂ ಧಾರಾಳವಾಗಿ ಅರ್ಜಿ ಹಾಕಬೇಕು.

ನಾನು ಓದಲು ಕಾಯುತ್ತಿರುವ ಪುಸ್ತಕಗಳು ಬಹಳ ಇವೆ. ಪೀಣ್ಯದ ಗಾರ್ಮೆಂಟ್ಸಿಗೆ ಬೆಳಿಗ್ಗೆ ವ್ಯಾನಿನಲ್ಲಿ ಹೋಗುವ ಹೆಂಗಸರ ಬಗ್ಗೆ ಅವರದೇ ಮನೆಯ ಪದವೀಧರೆ ಬರೆದದ್ದು. ಕೋಲಾರದಲ್ಲಿ ಸಾವಿರ ಅಡಿ ದಾಟಿದ ಕೊಳವೆಬಾವಿಗಳ ಬಗ್ಗೆ ಭೂಗರ್ಭಶಾಸ್ತ್ರ ಓದಿದ ರೈತನ ಮಗ ಬರೆದದ್ದು. ರಾಯಚೂರಿನಿಂದ ಗುಳೆ ಹೋಗಿ ಬೆಂಗಳೂರಿನ ಕಟ್ಟಡಗಳ ನೆಲಮಾಳಿಗೆಯಲ್ಲಿ ಬೆಳೆದ ಹುಡುಗ ಸಮಾಜಶಾಸ್ತ್ರದ ಎಂ.ಎ. ಮುಗಿಸಿ ಬರೆದದ್ದು. ಇಳಕಲ್ಲಿನ ಮಗ್ಗ, ಬಿದರಿಯ ಕುಸುರಿ, ಚನ್ನಪಟ್ಟಣದ ಅರಗು ಇವುಗಳ ಒಳಗುಟ್ಟನ್ನು ಆ ಕಸುಬಿನ ಮನೆಗಳಿಂದಲೇ ಬಂದ ಇಂಜಿನಿಯರುಗಳು ಬರೆದದ್ದು. ಇವರೆಲ್ಲ ಈಗ ತರಗತಿಗಳಲ್ಲಿದ್ದಾರೆ. ಕೆಲವರು ಈ ಸಭಾಂಗಣದಲ್ಲೇ ಇರಬಹುದು.

ಈ ಉಪನ್ಯಾಸದ ದತ್ತಿಯನ್ನು ಸ್ಥಾಪಿಸಿದ ಕುಟುಂಬದವರಲ್ಲಿ ನನ್ನದೊಂದು ಬಿನ್ನಹ. ಈ ನಿಧಿಯ ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ ನಡೆಯುತ್ತಿದೆ, ನಡೆಯಲಿ. ಒಂದು ವರ್ಷ ಬಿಟ್ಟು ಒಂದು ವರ್ಷ ಆ ಹಣವನ್ನು ಈಗಷ್ಟೇ ಪಿಎಚ್.ಡಿ. ಮುಗಿಸಿದ, ಕೆಲಸ ಸಿಗದ ಒಬ್ಬರಿಗೆ ಕೊಡಿ. ಷರತ್ತು ಒಂದೇ: ಮಹಾಪ್ರಬಂಧವನ್ನು ತನ್ನ ಊರಿನವರು ಓದುವ ಪುಸ್ತಕವಾಗಿ ಮತ್ತೆ ಬರೆಯಬೇಕು. ತಿದ್ದಿಕೊಡುವ ಕೆಲಸವನ್ನು ನಾನು ಸಂಭಾವನೆ ಇಲ್ಲದೆ ಮಾಡುತ್ತೇನೆ, ಇನ್ನಿಬ್ಬರು ಗೆಳೆಯರೂ ಒಪ್ಪಿದ್ದಾರೆ. ಮುಂದಿನ ಸಲ ಈ ವೇದಿಕೆಯ ಮೇಲೆ ಆ ಲೇಖಕರು ನಿಂತು ತಮ್ಮ ಪುಸ್ತಕದ ಒಂದು ಅಧ್ಯಾಯ ಓದಲಿ. ಅದನ್ನು ಓದಿಸಲು ಕರಾವಳಿಯ ಆ ಹೆಣ್ಣುಮಗಳಿಗೆ ನಾನು ಇವತ್ತೇ ಪತ್ರ ಬರೆಯಲು ಸಿದ್ಧನಿದ್ದೇನೆ.